ರೋಬೋಟ್ ಯಾಕೆ ಬೇಕು ಎಂದು ರೋಗಿಯೂ ಕೇಳಲಿ

ಮಾನ್ಯ ಸಂಪಾದಕರೇ,

ಗುದನಾಳ ಜಾರಿ ಹೊರಬರುವ ಕಾಯಿಲೆಗೆ 'ರೋಬೋಟ್ ಸರ್ಜರಿ ಲಭ್ಯ' ಎಂಬ ಜಾಹೀರಾತುಗಳು ಈಚೆಗೆ ಕಣ್ಣಿಗೆ ಬೀಳುತ್ತಿವೆ. ಬಾಯಿಬಿಟ್ಟು ಹೇಳಲು ಜನ ನಾಚುವ ಕಾಯಿಲೆ ಪೇಪರಿಗಾದರೂ ಬಂತಲ್ಲ, ಅಷ್ಟರಮಟ್ಟಿಗೆ ಸಂತೋಷ. ಆದರೆ ಅವುಗಳಲ್ಲಿ ಯಂತ್ರದ ಗುಣಗಾನವೇ ತುಂಬಿದೆ. ರೋಗಿಗೆ ಬೇಕಾದ ಮಾಹಿತಿ ಹುಡುಕಿದರೂ ಸಿಗುವುದಿಲ್ಲ.

ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ನಾನು ಕಂಡ ಈ ಕಾಯಿಲೆಯವರಲ್ಲಿ ವಯಸ್ಸಾದ ಹೆಂಗಸರೇ ಜಾಸ್ತಿ. ಹೊರಬಂದದ್ದನ್ನು ಕೈಯಿಂದ ಒಳಗೆ ತಳ್ಳಿಕೊಂಡು, ಬಟ್ಟೆ ಇಟ್ಟುಕೊಂಡು, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟು ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಕೇಳಿದರೆ 'ಮೊಳೆರೋಗ ಕಣಮ್ಮ, ಹಳೇದು' ಅನ್ನುತ್ತಾರೆ. ಮೂಲವ್ಯಾಧಿ ಬೋರ್ಡ್ ಹಾಕಿಕೊಂಡವರ ಹತ್ತಿರ ಚುಚ್ಚಿಸಿಕೊಂಡು, ದುಡ್ಡು ಕಳೆದುಕೊಂಡು ಬಂದವರೂ ಇದ್ದರು. ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೂಲವ್ಯಾಧಿಯ ಗಂಟುಗಳು ಬಿಡಿಬಿಡಿಯಾಗಿದ್ದು ನಡುನಡುವೆ ಸೀಳಿರುತ್ತದೆ. ಗುದನಾಳವೇ ಪೂರ್ತಿ ಜಾರಿದ್ದರೆ ಬಳೆ ಜೋಡಿಸಿಟ್ಟ ಹಾಗೆ ಸುತ್ತಲೂ ದುಂಡನೆಯ ಮಡಿಕೆಗಳು. ತೊಡಕೇನೆಂದರೆ, ಪರೀಕ್ಷೆಗೆ ಮಲಗಿಸಿದ ಕೂಡಲೇ ಎಷ್ಟೋ ಸಲ ಅದು ಒಳಗೆ ಹೋಗಿಬಿಡುತ್ತದೆ. ಕಕ್ಕಸಿನಲ್ಲಿ ಕೂರಿಸಿ, ತಿಣುಕಲು ಹೇಳಿ ನೋಡಬೇಕು. ಮನೆಯಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿದರೂ ಸಾಕು. ಡಾಕ್ಟರ ಹತ್ತಿರ ಎಂಥ ನಾಚಿಕೆ?

ಇನ್ನು ರೋಬೋಟ್. ಅದು ತಾನಾಗಿ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಕೈ ಆಡಿಸಿದಂತೆ ಅದರ ತೋಳುಗಳು ಆಡುತ್ತವೆ. ಸೊಂಟದೊಳಗಿನ ಇಕ್ಕಟ್ಟಿನಲ್ಲಿ ಹೊಲಿಗೆ ಹಾಕಲು ಮಣಿಕಟ್ಟಿನಂತೆ ತಿರುಗುವ ಆ ಸಲಕರಣೆಗಳಿಂದ ಅನುಕೂಲವಿದೆ, ಇಲ್ಲ ಅನ್ನುವುದಿಲ್ಲ. ಆದರೆ ರೋಬೋಟ್‌ನಿಂದ ಹೆಚ್ಚಾಗಿ ಮಾಡುವ ಆಪರೇಷನ್ ಯಾವುದು? ಗುದನಾಳದ ಮುಂಭಾಗಕ್ಕೆ ಮೆಶ್ (ಬಲೆಯಂಥ) ಪಟ್ಟಿ ಹೊಲಿದು, ಅದರ ಇನ್ನೊಂದು ತುದಿಯನ್ನು ಬೆನ್ನುಮೂಳೆಯ ಕೆಳಭಾಗದಲ್ಲಿ ಬಿಗಿಯುವುದು. ಬೆಲ್ಜಿಯಂನ ಸರ್ಜನ್ ಆಂದ್ರೆ ಡಿಹೋರ್ ಮತ್ತು ಜೊತೆಯವರು 2004ರಲ್ಲಿ ಇದರ ವರದಿ ಪ್ರಕಟಿಸಿದರು. ಅವರು ಮಾಡಿದ್ದು ಮಾಮೂಲಿ ಲ್ಯಾಪ್ರೊಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಕರಣೆ ತೂರಿಸಿ ಸರ್ಜನ್ ಕೈಯಾರೆ ಮಾಡುವ ಆಪರೇಷನ್! ಗುದನಾಳದ ಹಿಂದಿನ ಮತ್ತು ಪಕ್ಕದ ನರಗಳನ್ನು ಕೆದಕದ ಕಾರಣ, ಹಳೆಯ ವಿಧಾನಗಳಲ್ಲಿ ಕಾಡುತ್ತಿದ್ದ ಮಲಬದ್ಧತೆ ಇದರಲ್ಲಿ ಕಡಿಮೆ. ಇದನ್ನೆಲ್ಲ ಜಾಹೀರಾತಿನಲ್ಲಿ ರೋಬೋಟ್ ಲೆಕ್ಕಕ್ಕೆ ಬರೆದುಕೊಳ್ಳುವುದು ಸರಿಯಲ್ಲ. ಕಾಯಿಲೆ ಮರುಕಳಿಸುವ ವಿಷಯದಲ್ಲಿ ರೋಬೋಟ್ ಲ್ಯಾಪ್ರೊಸ್ಕೋಪಿಗಿಂತ ಮೇಲು ಎಂದು ಖಚಿತವಾಗಿಲ್ಲ. ಹಿಡಿಯುವ ಸಮಯ, ಖರ್ಚು ಮಾತ್ರ ಸಾಮಾನ್ಯವಾಗಿ ಜಾಸ್ತಿ.

ಹೃದಯ, ಶ್ವಾಸಕೋಶ ಸೋತ ಅಜ್ಜಿಯರಿಗೆ ರೋಬೋಟ್, ಲ್ಯಾಪ್ರೊಸ್ಕೋಪಿ ಎರಡೂ ಬೇಡವಾಗಬಹುದು. ಹೊಟ್ಟೆಗೆ ಕೈ ಹಾಕದೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನಿಂದಲೇ ಮಾಡುವ ಡೆಲೋರ್ಮ್, ಆಲ್ಟ್‌ಮೈಯರ್ ಎಂಬ ಆಪರೇಷನ್‌ಗಳಿವೆ. ಮತ್ತೆ ಜಾರುವ ಸಾಧ್ಯತೆ ಸ್ವಲ್ಪ ಹೆಚ್ಚು ಎನ್ನುತ್ತಾರೆ, ನಿಜ. ಆದರೆ ಪೂರ್ತಿ ಅರಿವಳಿಕೆ ಕೊಟ್ಟು ತಲೆ ತಗ್ಗಿಸಿ ಹೊತ್ತುಗಟ್ಟಲೆ ಮಲಗಿಸುವುದು ತಪ್ಪುತ್ತದೆ.

ಖರ್ಚಿನ ಮಾತು ಸ್ವಲ್ಪ ಹೇಳಲೇಬೇಕು. ರೋಬೋಟ್ ಸರ್ಜರಿಯನ್ನು ಆರೋಗ್ಯ ವಿಮೆಯಿಂದ ಹೊರಗಿಡಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಅದಕ್ಕೆ ಕೊಡುವ ಹಣಕ್ಕೊಂದು ಮಿತಿ ಹಾಕಲು ಕಂಪನಿಗಳಿಗೆ ಅವಕಾಶವಿದೆ. ನಮ್ಮ ಅತ್ತಿಗೆಗೆ ಈ ಮಿತಿಯ ಸುದ್ದಿ ಗೊತ್ತಾಗಿದ್ದು ಡಿಸ್ಚಾರ್ಜ್ ದಿನ, ಬಿಲ್ ಕೌಂಟರಿನಲ್ಲಿ. ಲ್ಯಾಪ್ರೊಸ್ಕೋಪಿಯಲ್ಲೂ ಆಗುತ್ತಿತ್ತು ಎಂದು ಆ ಆಸ್ಪತ್ರೆಯವರು ಅಲ್ಲಿಯವರೆಗೆ ಒಂದು ಮಾತೂ ಹೇಳಿರಲಿಲ್ಲ. ಮಗ ಸಾಲ ಮಾಡಿ ತುಂಬಿದ.

ಆರೋಗ್ಯ ಇಲಾಖೆ ಇಷ್ಟಾದರೂ ಮಾಡಿಸಲಿ. ರೋಬೋಟ್ ಸೂಚಿಸುವ ಆಸ್ಪತ್ರೆ ಲ್ಯಾಪ್ರೊಸ್ಕೋಪಿಯ ಅಂದಾಜು ಖರ್ಚನ್ನೂ ಅದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದುಕೊಡಬೇಕು. ಮೆಶ್ ಹಾಕುತ್ತಾರೋ ಇಲ್ಲವೋ ಎಂಬುದೂ ಅದರಲ್ಲಿರಬೇಕು. ರೋಗಿಯ ಮನೆಯವರೂ ಅಷ್ಟೇ, ಯಂತ್ರ ಎಷ್ಟು ಹೊಸದು ಎಂದು ಕೇಳುವ ಬದಲು 'ಡಾಕ್ಟ್ರೇ, ಇದೇ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ' ಎಂದು ಕೇಳಲಿ.

ಇಂತಿ,
ಒಬ್ಬ ನಿವೃತ್ತ ನರ್ಸ್, ಶಿವಮೊಗ್ಗ