ಕೋಚ್ ಯಾರೆಂದು ನಾವು ಆರಿಸಿಕೊಳ್ಳುತ್ತೇವೆ, ತಾವು ಮೈದಾನ ಕೊಡಿ

ನಮ್ಮ ವಾರ್ಡಿನ ಮಾನ್ಯ ಮಹಾನಗರ ಪಾಲಿಕೆ ಸದಸ್ಯರಿಗೆ,
ಹುಬ್ಬಳ್ಳಿ

ಮಾನ್ಯರೇ,

ಸವಿನಯ ನಮಸ್ಕಾರಗಳು. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಕೋಚ್ ಯಾರಾಗಬೇಕು ಎಂಬ ತಕರಾರನ್ನು ಬರುವ ಭಾನುವಾರ ತಮ್ಮ ಕಚೇರಿಯಲ್ಲಿ ಕೂರಿಸಿ ಬಗೆಹರಿಸುವುದಾಗಿ ತಾವು ಹೇಳಿದ್ದೀರಿ ಎಂದು ತಿಳಿಯಿತು. ಎರಡೂ ಬಣದವರು ತಮ್ಮನ್ನು ಕಂಡು ಬಂದಿದ್ದಾರೆ. ಎಲ್ಲರನ್ನೂ ಒಂದು ಮಾಡಬೇಕೆಂಬುದೇ ತಮ್ಮ ಉದ್ದೇಶ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಈ ತೀರ್ಮಾನ ತಮ್ಮ ಕಚೇರಿಯಲ್ಲಿ ಆಗಬಾರದು ಎಂದು ಕೇಳಿಕೊಳ್ಳುತ್ತೇನೆ. ಇಡೀ ಓಣಿಯ ಬಾಯಲ್ಲಿರುವ ವಿಷಯವಾದ್ದರಿಂದ ಎಲ್ಲರಿಗೂ ಕಾಣುವಂತೆಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿನ ಹಿರಿಯ ಆಟಗಾರರೊಬ್ಬರು ಕೋಚ್ ಆಗಲಿ ಎಂದು ಒಂದು ಬಣ ಹೇಳುತ್ತದೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತಲೇ ಆಡಿದವರು ಆ ಹಿರಿಯರು. ನಿವೃತ್ತಿಯ ನಂತರವೂ ಹುಡುಗರ ಕೈ ಬಿಟ್ಟಿಲ್ಲ. ಯಾವ ಹುಡುಗ ನಸುಕಿನಲ್ಲಿ ಹಾಲು ಹಾಕಿ ಬರುತ್ತಾನೆ, ಯಾರ ಮನೆಯಲ್ಲಿ ಬೂಟು ಕೊಡಿಸುವ ಅನುಕೂಲವಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಅಭ್ಯಾಸಕ್ಕೆ ಬಾರದವನ ಮನೆ ಮುಂದೆ ಸೈಕಲ್ ನಿಲ್ಲಿಸಿ ಕೂಗಿ ಎಬ್ಬಿಸಿಕೊಂಡು ಬರುವವರು. ಇನ್ನೊಂದು ಬಣ ಬಯಸುವುದು ಬೆಟಗೇರಿಯ ಯುವಕರೊಬ್ಬರನ್ನು. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಮುಗಿಸಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್‌ಗಳಿಗೆ ಕೊಡುವ ಸಿ ಲೈಸೆನ್ಸ್ ಪಡೆದವರು. ಅವರನ್ನು ಹೊರಗಿನವರು ಎಂದು ಕೆಲವರು ಕರೆಯುತ್ತಿದ್ದಾರೆ. ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿಯ ಊರಿನವರ ಬಗ್ಗೆ ಈ ಮಾತು ಕೇಳಿ ನನಗೆ ನಿಜವಾಗಿಯೂ ನೋವಾಯಿತು.

ಆ ಯುವಕರು ಕಳೆದ ವಾರ ನಡೆಸಿದ ಅಭ್ಯಾಸವನ್ನು ನೋಡಿದೆ. ನಮ್ಮ ಎಡಬದಿಯ ಬ್ಯಾಕ್ ಆಟಗಾರ ಚೆಂಡು ಬಂದಾಗಲೆಲ್ಲ ತನ್ನದೇ ಗೋಲಿನತ್ತ ಮುಖ ಮಾಡಿ ಅದನ್ನು ತಡೆಯುತ್ತಿದ್ದ. ಅವನು ತಿರುಗುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಇವರು ಆಟ ನಿಲ್ಲಿಸಿದರು. ಬೈಯಲಿಲ್ಲ. ಹುಡುಗನ ಭುಜ ಹಿಡಿದು, ಬೆನ್ನು ಬದಿಗೆರೆಯ ಕಡೆಗಾಗುವಂತೆ ತಿರುಗಿಸಿ, ಮುಂದೆ ಯಾರು ಯಾರು ಕಾಣುತ್ತಾರೆ ಹೇಳು ಎಂದರು. ಹುಡುಗ ಒಬ್ಬೊಬ್ಬರ ಹೆಸರನ್ನೂ ಹೇಳಿದ. ಮುಂದಿನ ಚೆಂಡನ್ನು ಅವನು ನೇರವಾಗಿ ಮಧ್ಯದ ಆಟಗಾರನಿಗೆ ಕೊಟ್ಟ. ಅವತ್ತೇ ನನ್ನ ಮತ ಯಾರಿಗೆಂದು ನಿಶ್ಚಯವಾಯಿತು. ಹಿರಿಯರು ಅವರ ಜೊತೆಯಲ್ಲೇ ಇರಬೇಕು ಎಂಬುದೂ ನನ್ನ ಅಷ್ಟೇ ಗಟ್ಟಿಯಾದ ಅಭಿಪ್ರಾಯ.

ಇದನ್ನು ಕ್ಲಬ್ಬಿನವರು, ಪಾಲಕರು, ಆಟಗಾರರು ಕೂಡಿ ನಿರ್ಧರಿಸಬೇಕು. ತಮ್ಮ ಮಾತಿನ ಮೇಲೆ ಬಂದ ಕೋಚ್ ಸೋತರೆ ಅದು ತಮ್ಮ ಸೋಲಾಗುತ್ತದೆ. ಮಗನನ್ನು ಯಾಕೆ ಆಡಿಸಲಿಲ್ಲ ಎಂದು ಕೇಳಲು ಪಾಲಕರು ತಮ್ಮ ಮನೆಗೇ ಬರುತ್ತಾರೆ. ನಾಳೆ ಪಾಲಿಕೆಗೆ ಬೇರೊಬ್ಬರು ಗೆದ್ದು ಬಂದರೆ ಕೋಚ್ ಕೂಡ ಬದಲಾಗುತ್ತಾರೆ. ಈ ಕೆಲಸಕ್ಕೆ ಕಾಲ ಬೇಕು. ನಮ್ಮ ಹುಡುಗರಲ್ಲಿ ಅರ್ಧ ಜನ ತೊಡುವ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಅಂಗಿಯನ್ನು ತಾವು ನೋಡಿರುತ್ತೀರಿ. ಆ ಕ್ಲಬ್ಬಿಗೆ ಅಲೆಕ್ಸ್ ಫರ್ಗ್ಯುಸನ್ ಕೋಚ್ ಆಗಿ ಬಂದದ್ದು 1986ರಲ್ಲಿ, ಮೊದಲ ಕಪ್ ಗೆದ್ದದ್ದು 1990ರಲ್ಲಿ. ನಡುವೆ ಅವರನ್ನು ಕಳಿಸಿಬಿಡಿ ಎಂದು ಅಭಿಮಾನಿಗಳೇ ಕ್ರೀಡಾಂಗಣದಲ್ಲಿ ಬ್ಯಾನರ್ ಹಿಡಿದಿದ್ದರು. ಕ್ಲಬ್ ಅವರನ್ನು ಉಳಿಸಿಕೊಂಡಿತು. 2013ರವರೆಗೆ ಅವರು ಅಲ್ಲೇ ಇದ್ದರು. ನಮ್ಮ ದೇಶದ ತಂಡಕ್ಕೆ 2025ರ ಆಗಸ್ಟ್‌ನಲ್ಲಿ ಕೋಚ್ ಆದ ಖಾಲಿದ್ ಜಮೀಲ್ ಅವರನ್ನೇ ನೋಡಿ. ಮಿಜೋರಾಂನ ಐಜ್ವಾಲ್ ಎಂಬ ಸಣ್ಣ ಕ್ಲಬ್ಬನ್ನು 2017ರಲ್ಲಿ ದೇಶದ ಕ್ಲಬ್ಬುಗಳ ಪಂದ್ಯಾವಳಿಯಾದ ಐ-ಲೀಗ್ ಗೆಲ್ಲಿಸಿದವರು ಅವರು. ಅಂಥವರನ್ನು ಗುರುತಿಸಬೇಕಾದರೆ ಅವರು ಮೈದಾನದಲ್ಲಿ ಮಾಡುವ ಕೆಲಸವನ್ನೇ ನೋಡಬೇಕು.

ಈಗ ತಮ್ಮಿಂದಲೇ ಆಗಬೇಕಾದ ಮಾತಿಗೆ ಬರುತ್ತೇನೆ. ಹಿರಿಯರ ಬಣದ ಅತ್ಯಂತ ಬಲವಾದ ವಾದ ಏನು ಗೊತ್ತೇ? ಸಣ್ಣ ಸಣ್ಣ ಪಾಸ್ ಕೊಟ್ಟು ಆಡುವ ಆಟ ನಮ್ಮ ಮೈದಾನದಲ್ಲಿ ನಡೆಯುವುದಿಲ್ಲ, ಎತ್ತಿ ಒದೆಯುವುದೇ ಸರಿ ಎಂಬುದು. ಅವರು ಹೇಳುವುದು ಪೂರ್ತಿ ನಿಜ. ನೆಲವೆಲ್ಲ ಎರೆಮಣ್ಣು. ಮಳೆ ಹಿಡಿದರೆ ಬೂಟಿನ ಅಡಿಗೆ ಅಂಗೈ ದಪ್ಪ ಕೆಸರು ಅಂಟಿ ಹುಡುಗರಿಗೆ ಕಾಲೆತ್ತಲು ಆಗುವುದಿಲ್ಲ. ಬೇಸಿಗೆಯಲ್ಲಿ ಬಿರುಕಿಗೆ ಪಾದ ಸಿಕ್ಕಿ ಉಳುಕುತ್ತದೆ. ಪ್ರತಿ ಸಲ ಮಂಟಪ ಹಾಕಿದವರು ಕಂಬ ಕಿತ್ತುಕೊಂಡು ಹೋಗುತ್ತಾರೆ, ತಗ್ಗು ಹಾಗೇ ಉಳಿಯುತ್ತದೆ. ಕೆಲವಕ್ಕೆ ಖಡಿ ತುಂಬಿದ್ದಾರೆ, ಅದು ಇನ್ನೂ ಅಪಾಯ. ಉತ್ತರದ ಗೋಲಿನ ಮುಂದಿನ ತಗ್ಗಿನಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಗೋಲ್‌ಕೀಪರ್ ಹುಡುಗ ಅದರಲ್ಲೇ ಬಿದ್ದೇಳುತ್ತಾನೆ. ಯಾವ ಕೋಚ್ ಬೇಕು ಎಂದು ನಾವು ಎಷ್ಟೇ ವಾದಿಸಿದರೂ, ಯಾವ ಆಟ ಆಡಬಹುದು ಎಂಬುದನ್ನು ಈ ನೆಲವೇ ನಿರ್ಧರಿಸಿಬಿಟ್ಟಿದೆ. ಮೇಲ್ಮಣ್ಣು ತೆಗೆದು ಗರಸು ಹಾಕಿಸಿ, ನಡುವೆ ಸ್ವಲ್ಪ ಎತ್ತರ ಮಾಡಿ ಎರಡೂ ಬದಿಗೆ ಇಳಿಜಾರು ಕೊಟ್ಟು, ಅಂಚಿನಲ್ಲಿ ಗಟಾರ ತೆಗೆಸಿದರೆ ನೀರು ನಿಲ್ಲುವುದಿಲ್ಲ. ಮಂಟಪಕ್ಕೆ ಅನುಮತಿ ಕೊಡುವಾಗಲೇ ತಗ್ಗು ಮುಚ್ಚುವ ಷರತ್ತು ಹಾಕಿ, ಠೇವಣಿ ಇರಿಸಿಕೊಳ್ಳಿ. ದೀಪವೂ ಬೇಕು. ಹೆಣ್ಣುಮಕ್ಕಳ ತಂಡಕ್ಕೆ ಮೈದಾನ ಸಿಗುವುದು ಹುಡುಗರ ಅಭ್ಯಾಸ ಮುಗಿದ ಮೇಲೆ, ಅಷ್ಟರಲ್ಲಿ ಚೆಂಡೇ ಕಾಣದಂತಾಗಿರುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ತರುವ ಸಂಗತಿ.

ಇನ್ನೊಂದು ಬೇಡಿಕೆ ಇದೆ. ಕೋಚ್‌ಗಳ ಲೈಸೆನ್ಸ್ ಡಿ ಹಂತದಿಂದ ಸಿ, ಬಿ, ಎ ಎಂದು ಮೇಲೇರುತ್ತದೆ. ಡಿ ಹಂತದ ಶಿಬಿರವನ್ನು ಹುಬ್ಬಳ್ಳಿ-ಧಾರವಾಡದಲ್ಲೇ ನಡೆಸುವಂತೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ತಾವು ಪತ್ರ ಬರೆಯಿರಿ. ಜಾಗವನ್ನು ಪಾಲಿಕೆ ಒದಗಿಸಲಿ. ನಮ್ಮ ಹಿರಿಯರ ಮತ್ತು ವಾರ್ಡಿನ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರ ಶುಲ್ಕವನ್ನು ಭರಿಸಲಿ. ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಫುಟ್‌ಬಾಲ್ ಚಿನ್ನ ಗೆದ್ದಾಗ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಕೋಚ್ ಆಗಿದ್ದವರು ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನಲ್ಲಿ ಶಾಲಾ ಮೇಷ್ಟರಾಗಿದ್ದವರು. ನಮ್ಮ ಶಾಲೆಗಳ ಮೇಷ್ಟರುಗಳಿಗೂ ಕಲಿಯುವ ಅವಕಾಶ ಸಿಗಲಿ ಎಂಬುದಷ್ಟೇ ನನ್ನ ಆಸೆ.

ಭಾನುವಾರದ ಸಭೆಯನ್ನು ಬೆಳಿಗ್ಗೆ ಏಳಕ್ಕೆ ಮೈದಾನದಲ್ಲೇ ಇಟ್ಟುಕೊಳ್ಳೋಣ ಎಂದು ಎರಡೂ ಬಣದವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ತಾವೂ ಬನ್ನಿ. ಬರುವಾಗ ಪಾಲಿಕೆಯ ಎಂಜಿನಿಯರರನ್ನು ಕರೆದುಕೊಂಡು ಬಂದರೆ ಎಲ್ಲಿಂದ ಎಲ್ಲಿಗೆ ಗಟಾರ ತೆಗೆಯಬೇಕೆಂದು ಅಲ್ಲೇ ಗುರುತು ಹಾಕಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕ್ಲಬ್ಬಿನ ಅಭಿಮಾನಿ, ತಮ್ಮ ವಾರ್ಡಿನ ಮತದಾರ