ಲಾವಾಕ್ಕೆ ಕಡಲ ನೀರು ಹೊಯ್ದವರ ಊರು

ರೇಕ್ಯಾವಿಕ್, ಐಸ್‌ಲ್ಯಾಂಡ್

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮಲ್ಪೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ವಾರ ಇಲ್ಲಿನ ದಕ್ಷಿಣ ಕರಾವಳಿಯಿಂದ ಫೆರಿ ಹಿಡಿದು ಹೇಮಾಯ್ ಎಂಬ ದ್ವೀಪಕ್ಕೆ ಹೋಗಿ, ಎಲ್ಡ್‌ಫೆಲ್ ಎಂಬ ಜ್ವಾಲಾಮುಖಿಯನ್ನು ಹತ್ತಿ ಬಂದೆ. ಅಮ್ಮ ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ: ಅದು ಬೆಂಕಿ ಉಗುಳುವುದನ್ನು 1973ರ ಜುಲೈಯಲ್ಲೇ ನಿಲ್ಲಿಸಿದೆ. ಗುಡ್ಡಗಳೆಂದರೆ ಯುಗಯುಗಾಂತರದಿಂದ ನಿಂತಿರುವಂಥವು ಎಂದು ನಾವು ತಿಳಿದುಕೊಂಡಿದ್ದೇವಲ್ಲ, ಸುಮಾರು 200 ಮೀಟರ್ ಎತ್ತರದ ಈ ಗುಡ್ಡ ವಯಸ್ಸಿನಲ್ಲಿ ಅಪ್ಪನಿಗಿಂತ ಕಿರಿದು, ಅಪ್ಪನಷ್ಟು ಗಂಭೀರವೂ ಅಲ್ಲ. ಕಾಲಿಟ್ಟಲ್ಲೆಲ್ಲ ಜಾರುತ್ತದೆ, ಎರಡು ಹೆಜ್ಜೆ ಮೇಲೇರಿದರೆ ಒಂದು ಹೆಜ್ಜೆ ಕೆಳಕ್ಕೆ ಇಳಿಸುತ್ತದೆ, ಶೂ ತುಂಬ ಚರಳು ತುಂಬಿಸಿ ಕಳುಹಿಸುತ್ತದೆ. ಆ ಚರಳಿನ ಒಂದು ತುಂಡನ್ನು ಅಂಗೈಯಲ್ಲಿಟ್ಟು ನೋಡಿದೆ. ಮೈಯೆಲ್ಲ ತೂತು, ಗಾತ್ರಕ್ಕೆ ತಕ್ಕ ತೂಕವಿಲ್ಲ, ಒಂದು ಮಗ್ಗುಲು ಕಪ್ಪು, ಇನ್ನೊಂದು ಇಟ್ಟಿಗೆಗೆಂಪು. ಲಾವಾದೊಳಗಿದ್ದ ಅನಿಲ ಗುಳ್ಳೆಗುಳ್ಳೆಯಾಗಿ ಹೊರಬಿದ್ದ ಗುರುತು ಆ ತೂತುಗಳು. ಬಿಸಿಯಿರುವಾಗಲೇ ಅದರೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದದ್ದರಿಂದ ಬಂದದ್ದು ಆ ಕೆಂಪು.

ಐಸ್‌ಲ್ಯಾಂಡ್ ಇರುವುದೇ ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುವ ಸೀಳಿನ ಮೇಲೆ. ಸಾಲದ್ದಕ್ಕೆ ನೆಲದಾಳದಿಂದ ವಿಶೇಷ ಬಿಸಿಯೂ ಉಕ್ಕಿಬರುವ ಜಾಗವಿದು. ಹೀಗಾಗಿ ಇಲ್ಲಿ ಭೂಮಿ ಬಾಯಿ ಬಿಡುವುದಕ್ಕೆ ಮುಹೂರ್ತ ನೋಡುವುದಿಲ್ಲ. 1973ರ ಜನವರಿ 23ರಂದು, ರಾತ್ರಿ ಸುಮಾರು 2 ಗಂಟೆಗೆ, ಹೇಮಾಯ್ ಪಟ್ಟಣದ ಪೂರ್ವದ ಅಂಚಿನಲ್ಲಿ ನೆಲ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಬಿರಿದು ಬೆಂಕಿ ಚಿಮ್ಮತೊಡಗಿತು. ಊರಿನಲ್ಲಿದ್ದವರು ಸುಮಾರು 5,300 ಮಂದಿ. ಅಪ್ಪ ಕೇಳಬೇಕಾದ ಮಾತು ಈಗ ಬಂತು: ಹಿಂದಿನ ದಿನ ಕಡಲಿನಲ್ಲಿ ತೂಫಾನು ಎದ್ದಿದ್ದರಿಂದ ಮೀನುಗಾರಿಕೆಯ ಬೋಟುಗಳೆಲ್ಲ ಕಸುಬಿಗೆ ಹೋಗದೆ ಧಕ್ಕೆಯಲ್ಲೇ ಕಟ್ಟಿಕೊಂಡಿದ್ದವು. ತೂಫಾನನ್ನು ಬೈದುಕೊಂಡು ಮಲಗಿದ್ದ ಜನ ಅದೇ ಬೋಟುಗಳನ್ನೇರಿ ಬೆಳಗಾಗುವುದರೊಳಗೆ ಬಹುಮಟ್ಟಿಗೆ ಎಲ್ಲರೂ ಆಚೆ ದಡ ಸೇರಿದರು. ಸ್ಫೋಟ ಐದು ತಿಂಗಳಿಗೂ ಮೀರಿ ನಡೆದು ಸುಮಾರು 400 ಮನೆಗಳನ್ನು ನುಂಗಿತಾದರೂ ತೀರಿಕೊಂಡದ್ದು ಒಬ್ಬರೇ, ಅದೂ ನೆಲಮಾಳಿಗೆಯಲ್ಲಿ ತುಂಬಿಕೊಂಡಿದ್ದ ವಿಷಾನಿಲದಿಂದ.

ಮನೆಗಳು ಹೋದರೆ ಮತ್ತೆ ಕಟ್ಟಬಹುದು, ಆದರೆ ಲಾವಾ ಬಂದರಿನ ಬಾಯಿಯತ್ತ ಹರಿಯತೊಡಗಿತ್ತು. ಅಳಿವೆ ಬಾಯಿಯಲ್ಲಿ ಮರಳು ತುಂಬಿದರೇ ಎಷ್ಟು ಕಷ್ಟವೆಂದು ಬಲ್ಲ ನಿಮಗೆ, ಕಾದ ಕಲ್ಲೇ ಬಂದು ಮುಚ್ಚಿಕೊಳ್ಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಗ ಥೋರ್ಬ್ಯೋರ್ನ್ ಸಿಗುರ್ಗೇರ್‌ಸನ್ ಎಂಬ ಭೌತವಿಜ್ಞಾನಿಯ ಮುಂದಾಳುತನದಲ್ಲಿ ಲಾವಾದ ಮೇಲೆ ಕಡಲ ನೀರು ಹೊಯ್ಯುವ ಕೆಲಸ ಶುರುವಾಯಿತು. ಮುಂದಿನ ಅಂಚು ತಣಿದು ಗಟ್ಟಿಯಾದರೆ ಅದೇ ಗೋಡೆಯಾಗಿ ಹಿಂದಿನ ಹರಿವನ್ನು ತಡೆಯುತ್ತದೆ ಎಂಬುದು ಲೆಕ್ಕಾಚಾರ. ಮೊದಮೊದಲು ನಕ್ಕವರಿಗೇನೂ ಕೊರತೆಯಿರಲಿಲ್ಲ, ನಾನಾಗಿದ್ದರೂ ನಗುತ್ತಿದ್ದೆ. ಆಮೇಲೆ ಅಮೆರಿಕದಿಂದ ದೊಡ್ಡ ಪಂಪುಗಳು ಬಂದವು, ಇನ್ನೂ ಕಾದೇ ಇದ್ದ ಕಲ್ಲಿನ ಮೇಲೆಯೇ ಪ್ಲಾಸ್ಟಿಕ್ ಪೈಪುಗಳನ್ನು ಎಳೆದರು. ಒಳಗೆ ತಣ್ಣೀರು ಹರಿಯುತ್ತಿದ್ದಷ್ಟು ಹೊತ್ತು ಅವು ಕರಗಲಿಲ್ಲ ಎಂಬುದೇ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ. ಒಟ್ಟು ಸುಮಾರು 60 ಲಕ್ಷ ಘನ ಮೀಟರ್ ನೀರು ಸುರಿದರು. ಬಂದರು ಉಳಿಯಿತು, ಉಳಿದದ್ದಷ್ಟೇ ಅಲ್ಲ, ಬಾಯಿಯ ಪಕ್ಕದಲ್ಲಿ ಬಂದು ನಿಂತ ಲಾವಾ ಅಲೆತಡೆಗೋಡೆಯಂತಾಗಿ ಬೋಟುಗಳಿಗೆ ಮೊದಲಿಗಿಂತ ಒಳ್ಳೆಯ ಆಸರೆ ಸಿಕ್ಕಿತು. ಟೆಂಡರ್ ಕರೆಯದೆ, ಬಿಲ್ಲು ಮಂಜೂರಾಗದೆ ಇಷ್ಟು ಚೆಂದದ ತಡೆಗೋಡೆ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಿಂತಿರುಗಿ ಬಂದ ಜನರೂ ಏನನ್ನೂ ದಂಡ ಮಾಡಲಿಲ್ಲ. ಊರನ್ನು ಮುಚ್ಚಿದ್ದ ಚರಳನ್ನು ಬಾಚಿ ವಿಮಾನನಿಲ್ದಾಣದ ಓಡುಹಾದಿಗೆ ಹಾಕಿದರು, ಒಳಗಿನ್ನೂ ಕಾದಿದ್ದ ಲಾವಾದ ಶಾಖದಿಂದ ನೀರು ಕಾಯಿಸಿ ವರ್ಷಗಟ್ಟಲೆ ಮನೆಗಳನ್ನು ಬೆಚ್ಚಗಿಟ್ಟುಕೊಂಡರು, ಗುಡ್ಡದ ಬಿಸಿ ನೆಲದಲ್ಲಿ ಹೂತು ರೈ ಧಾನ್ಯದ ರೊಟ್ಟಿಯನ್ನೂ ಬೇಯಿಸಿದರು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ದಾರಿ ಕಾಯುವ ಅಮ್ಮನಿಗೆ ಇದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.

ಅಲ್ಲಿಂದ ನೈಋತ್ಯಕ್ಕೆ ಸುರ್ಟ್ಸೆ ಎಂಬ ಇನ್ನೊಂದು ದ್ವೀಪವಿದೆ. 1963ರ ನವೆಂಬರಿನಲ್ಲಿ ಕಡಲೊಳಗಿನಿಂದ ಅದು ಮೇಲೇಳುವುದನ್ನು ಮೊದಲು ಕಂಡವನು ಒಂದು ಮೀನುಗಾರಿಕೆ ಬೋಟಿನ ಅಡುಗೆಯವನು. ಯಾವುದೋ ಬೋಟಿಗೆ ಬೆಂಕಿ ಬಿದ್ದಿರಬೇಕೆಂದು ಅವರು ನೆರವಿಗೆ ಅತ್ತ ತಿರುಗಿದರಂತೆ. ಹೊಸ ನೆಲದಲ್ಲಿ ಜೀವ ಹೇಗೆ ಬೇರೂರುತ್ತದೆಂದು ತಿಳಿಯಲು ವಿಜ್ಞಾನಿಗಳ ಹೊರತು ಬೇರೆ ಯಾರನ್ನೂ ಅಲ್ಲಿಗೆ ಬಿಡುವುದಿಲ್ಲ. ಅಷ್ಟು ಕಟ್ಟುನಿಟ್ಟಿನ ಮಧ್ಯೆಯೂ ಒಮ್ಮೆ ಅಲ್ಲಿ ಟೊಮೆಟೊ ಗಿಡ ಹುಟ್ಟಿತ್ತು. ಪತ್ತೆ ಮಾಡಿದಾಗ, ಬಂದ ವಿಜ್ಞಾನಿಗಳಲ್ಲೇ ಯಾರೋ ಒಬ್ಬರು ಬಂಡೆಗಳ ಮರೆಯಲ್ಲಿ ಬಯಲುಕಡೆಗೆ ಕುಳಿತದ್ದರ ಫಲ ಅದೆಂದು ತಿಳಿಯಿತು! ಗಿಡವನ್ನು ಕಿತ್ತು ಹಾಕಿದರು.

ಅದೇ ಪ್ರವಾಸದಲ್ಲಿ ರೇನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ಕಡಲತೀರದಲ್ಲಿ ನಿಂತಾಗ ನಗು ಬಂತು, ಏಕೆಂದರೆ ಲೋಕದ ಪ್ರವಾಸಿಗರೆಲ್ಲ ಮುಗಿಬಿದ್ದು ಫೋಟೊ ತೆಗೆಯುವ ಅಲ್ಲಿನ ಕಂಬಕಲ್ಲುಗಳ ನೆಂಟರು ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲೇ ಇದ್ದಾರೆ. ಬೇಸಿಗೆಯ ಗದ್ದೆಯ ಕೆಸರು ಒಣಗಿ ಬಿರಿಯುವಂತೆ ಲಾವಾವೂ ತಣಿಯುತ್ತ ಕುಗ್ಗಿ ಬಿರಿಯುತ್ತದೆ, ಬಿರುಕು ಮೇಲಿನಿಂದ ಒಳಕ್ಕಿಳಿದಂತೆ ಕಂಬಗಳಾಗುತ್ತವೆ. ಇಲ್ಲಿಯದು ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲು, ನಮ್ಮದು ಸಿಲಿಕಾ (ಬಿಳಿ ಮರಳಿನಲ್ಲಿರುವ ವಸ್ತು) ಹೆಚ್ಚಿರುವ ರಯೊಲೈಟ್ ಎಂಬ ಲಾವಾಕಲ್ಲಿನ ಜಾತಿಯದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲಕ್ಕೆ ಸೇರಿದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ, ನಾವು ಮಾತ್ರ ಅದರ ಮೇಲೆ ಕುಳಿತು ಚುರುಮುರಿ ತಿನ್ನುತ್ತಾ ಬೆಳೆದೆವು.

ಮಳೆಗಾಲದಲ್ಲಿ ದ್ವೀಪದ ಬೋಟು ನಿಲ್ಲುವ ಮೊದಲು ಅಣ್ಣ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಕಂಬಗಳಿಗೆಲ್ಲ ಆರೇ ಮಗ್ಗುಲು ಎಂದು ಅವನಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ನಂಬಬೇಡವೆನ್ನಿ; ಐದರದ್ದೂ ಏಳರದ್ದೂ ಇರುತ್ತವೆ, ಎಣಿಸಿ ನನಗೆ ಬರೆಯಲಿ. ಅಜ್ಜಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು