ಗೆಳೆಯನಿಗೊಂದು ಪತ್ರ: ‘ಒಳಗೆ ಬಂದರು’ ಅಂದರೆ ಯಾರು?

ತುಮಕೂರು

ಪ್ರೀತಿಯ ಗೆಳೆಯ,

ಪತ್ತೇದಾರಿ ಕಾದಂಬರಿ ಹಿಡಿದವರು ಊಟ ನಿದ್ದೆ ಮರೀತಾರೆ, ನನಗೆ ಮಾತ್ರ ಐವತ್ತು ಪುಟಕ್ಕೇ ಆಕಳಿಕೆ ಬರುತ್ತೆ ಅಂತ ಬರೆದಿದ್ದೀಯ. ತಪ್ಪು ಪುಸ್ತಕದ್ದಲ್ಲ, ನೀನು ಓದೋ ಹೊತ್ತಿನದು. ಬೆಂಗಳೂರಿನ ರೈಲಿನಲ್ಲಿ ಕ್ಯಾತ್ಸಂದ್ರ ದಾಟಿದ ಮೇಲೆ ತೆಗೆದು, ಡಾಬಸ್‌ಪೇಟೆಯಲ್ಲಿ ಪರಿಚಯದವರು ಹತ್ತಿದ ಕೂಡಲೇ ಮುಚ್ಚಿದರೆ ಸಿಗೋದು ಹತ್ತು ಹನ್ನೆರಡು ಪುಟ. ಈ ಜಾತಿಯ ಕಥೆಯಲ್ಲಿ ಮನೆ, ಜನ, ಹಗೆ, ಹೆಣ ಎಲ್ಲವೂ ಮೊದಲ ಅರವತ್ತು ಪುಟದೊಳಗೆ ಬಂದು ಕೂತಿರುತ್ತೆ. ಅದನ್ನು ಐದು ದಿನಕ್ಕೆ ಹಂಚಿದರೆ ಯಾರು ಯಾರ ಮೈದುನ ಅನ್ನೋದೇ ಮರೆತುಹೋಗುತ್ತೆ. ಮರೆತ ಜನರ ಮೇಲೆ ಅನುಮಾನ ಹುಟ್ಟೋದಾದರೂ ಹೇಗೆ?

ಶನಿವಾರ ಸಂಜೆ ಶುರುಮಾಡು. ಮೊದಲ ಅರವತ್ತು ಪುಟ ಒಂದೇ ಪಟ್ಟಿಗೆ ಓದು, ಎರಡು ಗಂಟೆ ಸಾಕು. ನಡುವಿನ ವಿಚಾರಣೆಯ ಭಾಗ ರೈಲಿಗೆ ಒಗ್ಗುತ್ತೆ, ಒಬ್ಬೊಬ್ಬರ ಹೇಳಿಕೆ ಒಂದೊಂದು ತುಂಡು. ಮತ್ತೆ ತೆರೆದಾಗ ಎರಡು ಪುಟ ಹಿಂದಿನಿಂದ ಹಿಡಿ. ಎರಡು ದಿನಕ್ಕಿಂತ ಹೆಚ್ಚು ಬಿಡಬೇಡ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅನ್ನೋ ಲೆಕ್ಕ ತಲೆಯಿಂದ ಜಾರಿದರೆ ಕಥೆಯ ಬೆನ್ನುಮೂಳೆಯೇ ಹೋದಂತೆ.

ಗ್ರಂಥಾಲಯದ ಹಳೇ ಪ್ರತಿಯಾದರೆ ಮನೆಗೆ ತರೋ ಮೊದಲು ಕೊನೆಯ ಹಾಳೆ ಇದೆಯೋ ನೋಡಬೇಕು. ಪುಸ್ತಕವನ್ನು ತಲೆಕೆಳಗು ಹಿಡಿದು ಹಿಂದಿನಿಂದ ಹಾಳೆ ತಿರುವು. ಪುಟಸಂಖ್ಯೆ ಗೊತ್ತಾಗುತ್ತೆ, ಸಾಲು ಕಣ್ಣಿಗೆ ಹತ್ತೋದಿಲ್ಲ. ಬೆನ್ನುಪುಟದ ಬರಹ ಓದಲೇಬೇಡ; ಎರಡನೇ ಕೊಲೆ ಯಾರದು ಅಂತ ಅಲ್ಲೇ ಹೇಳಿಬಿಟ್ಟಿರೋದುಂಟು.

ಈಗ ಮುಖ್ಯ ವಿಷಯ. ಸುಳಿವನ್ನು ಲೇಖಕ ಕದ್ದು ಇಡೋದಿಲ್ಲ, ಕಣ್ಣೆದುರಿಗೇ ಇಡ್ತಾನೆ. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಅನ್ನೋವು ಅದರಲ್ಲಿ ಎರಡು. ಹಾಗಾಗಿ ಒಳ್ಳೆಯ ಲೇಖಕ ಸುಳಿವನ್ನು ಪಟ್ಟಿಯ ನಡುವೆ ಹುದುಗಿಸ್ತಾನೆ. ‘ಮೇಜಿನ ಮೇಲೆ ಕನ್ನಡಕ, ಕೆನೆ ಕಟ್ಟದ ಅರ್ಧ ಲೋಟ ಕಾಫಿ, ಅಂದಿನ ಪತ್ರಿಕೆ’ ಅಂತ ಬರೆದು, ಮರುಸಾಲಿಗೇ ಹಿತ್ತಿಲಲ್ಲಿ ಯಾರೋ ಕಿರುಚಿದರು ಅಂತಾನೆ. ನಿನ್ನ ಗಮನ ಹಿತ್ತಿಲಿಗೆ ಓಡುತ್ತೆ. ಕಾಫಿ ಒಂದು ಗಂಟೆ ಹಿಂದೆ ಇಟ್ಟದ್ದು ಅಂತ ಕೆಲಸದವಳು ಆಮೇಲೆ ಹೇಳ್ತಾಳೆ. ಬಿಸಿ ಹಾಲಿನ ಕಾಫಿ ಅಲುಗಾಡದೆ ಇದ್ದರೆ ಕೆನೆ ಕಟ್ಟಲೇಬೇಕಲ್ಲ? ಕಟ್ಟಿಲ್ಲ ಅಂದರೆ ಯಾರೋ ಆಗಷ್ಟೇ ಕಲಕಿದ್ದಾರೆ, ಇಲ್ಲವೇ ಅವಳು ಹೇಳಿದ ಹೊತ್ತೇ ಸುಳ್ಳು. ಆ ಸಾಲಿನ ಹತ್ತಿರ ನಿಂತರೆ ನೀನು ರೈಲಿನಲ್ಲಿಲ್ಲ, ಆ ಕೋಣೆಯಲ್ಲಿದ್ದೀಯ.

ಕನ್ನಡದ ಲೇಖಕನಿಗೆ ಇನ್ನೊಂದು ಇಕ್ಕಟ್ಟಿದೆ, ನನಗೆ ಅತ್ಯಂತ ಇಷ್ಟವಾದದ್ದು ಅದೇ. ಕೊಲೆಗಾರ ಬಾಗಿಲು ತೆಗೆದ ಅಂತ ಇಂಗ್ಲಿಷಿನಲ್ಲಿ ಬರೆದರೆ ಗಂಡೋ ಹೆಣ್ಣೋ ಕ್ರಿಯಾಪದ ಹೇಳೋದಿಲ್ಲ. ನಮ್ಮಲ್ಲಿ ‘ತೆಗೆದ’, ‘ತೆಗೆದಳು’ ಅಂದ ಕೂಡಲೇ ಗುಟ್ಟು ರಟ್ಟು. ಅದಕ್ಕೇ ‘ನೆರಳೊಂದು ಸರಿಯಿತು’, ‘ಕೈಯೊಂದು ಚಿಲಕ ಎಳೆಯಿತು’ ಅಂತ ನಪುಂಸಕಲಿಂಗದ ಮೊರೆಹೋಗ್ತಾರೆ. ಅದಕ್ಕಿಂತ ಜಾಣತನ ಬಹುವಚನದ್ದು. ಕಾವಲುಗಾರ ‘ಮುಖ ಕಾಣಲಿಲ್ಲ ಸಾರ್, ಚಪ್ಪಲಿ ಬಿಟ್ಟು ಒಳಗೆ ಬಂದರು’ ಅಂತಾನೆ ಅನ್ನು. ‘ಬಂದರು’ ಅನ್ನೋದರಲ್ಲಿ ಗಂಡು, ಹೆಣ್ಣು, ಒಬ್ಬರು, ಇಬ್ಬರು ಎಲ್ಲ ಅಡಗಿತು. ಆದರೆ ಬಂದವರು ಗುರುತಿಲ್ಲದವರಾಗಿದ್ದರೆ ಕಾವಲುಗಾರನ ಬಾಯಲ್ಲಿ ‘ಯಾರೋ ಒಬ್ಬ ಬಂದ’ ಅಂತ ತಾನೇ ಬರಬೇಕು? ಹಿಂದಿನ ಪುಟಗಳಿಗೆ ಹೋಗಿ ಅವನು ಆ ಮನೆಯಲ್ಲಿ ಯಾರಿಗೆ ಬಹುವಚನ ಕೊಡ್ತಾನೆ, ಡ್ರೈವರಿಗೆ ಏನಂತಾನೆ ನೋಡು. ಅನುವಾದದಲ್ಲಿ ಮಾತ್ರ ಇದನ್ನು ನಂಬಬೇಡ, ಅಲ್ಲಿ ಬಹುವಚನ ಹಾಕಿದ್ದು ಅನುವಾದಕ.

ಶುರುವಿಗೆ ವಿದೇಶದ ಹೆಸರುಗಳ ಕಥೆ ಬೇಡ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿ. ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು, ಊರೂರಲ್ಲಿ ಕನ್ನಡ ಓದೋ ಚಟ ಹತ್ತಿಸಿದರು. ಅವರನ್ನು ಅಗ್ಗದ ಸಾಹಿತ್ಯ ಅಂತ ಬದಿಗಿಟ್ಟಿದ್ದು ದೊಡ್ಡ ಅನ್ಯಾಯ.

ಪುಟ್ಟ ಚೀಟಿಯಲ್ಲಿ ಪಾತ್ರಗಳ ಹೆಸರು, ನಂಟು, ‘ಆ ಹೊತ್ತಿಗೆ ಎಲ್ಲಿ’ ಅಷ್ಟೇ ಬರೆದಿಟ್ಟುಕೋ. 200 ಪುಟದ್ದಾದರೆ 150ಕ್ಕೆ ನಿಲ್ಲಿಸಿ, ಆ ಚೀಟಿಯ ಹಿಂಬದಿಗೆ ಕೊಲೆಗಾರ ಯಾರು, ಯಾವ ಸಾಲಿನಿಂದ ಅನುಮಾನ ಬಂತು ಅಂತ ಬರಿ. ಉಳಿದ ಐವತ್ತು ಪುಟ ಭಾನುವಾರ ಮನೆಯಲ್ಲಿ, ಫೋನು ಬೇರೆ ಕೋಣೆಯಲ್ಲಿ. ಓದಿ ಮುಗಿಸಿದ ಮೇಲೆ ಆ ಚೀಟಿ ನನಗೆ ಕಳಿಸು, ಏನೂ ತಿದ್ದದೆ.

ಇಂತಿ ನಿನ್ನ
ಗೆಳೆಯ